ಅಜೇಯರೆಂಬ ಬಿರುದು

ಮುಷ್ಟಿಯುದ್ಧದ ಅಭಿಮಾನಿಗಳು ತಮ್ಮ ಕಣ್ಣೆದುರಿನ ಜಟ್ಟಿಯನ್ನೇ ಸಾರ್ವಕಾಲಿಕ ಶ್ರೇಷ್ಠನೆಂದು ಕೊಂಡಾಡುವ ರೂಢಿ ಇಂದು ನಿನ್ನೆಯದಲ್ಲ. 1962ರಲ್ಲಿ ಷಿಕಾಗೋ ನಗರದಲ್ಲಿ ಫ್ಲಾಯ್ಡ್ ಪ್ಯಾಟರ್ಸನ್ನನನ್ನು ಮೊದಲ ಸುತ್ತಿನಲ್ಲಿಯೇ ಕೆಡವಿ ಹೆವಿವೇಟ್ ಪಟ್ಟವನ್ನೇರಿದ ಸನ್ನಿ ಲಿಸ್ಟನ್, ಮರುವರ್ಷ ಲಾಸ್ ವೇಗಾಸಿನಲ್ಲಿ ಅದೇ ಎದುರಾಳಿಗೆ ಅಷ್ಟೇ ಅಲ್ಪಕಾಲದಲ್ಲಿ ಮತ್ತೊಮ್ಮೆ ಮಣ್ಣುಮುಕ್ಕಿಸಿದಾಗ, ಇವನನ್ನು ಗೆಲ್ಲಬಲ್ಲವನು ಭೂಮಿಯ ಮೇಲಿಲ್ಲವೆಂಬ ಭಾವನೆ ಬಲ್ಲವರಲ್ಲಿಯೂ ಬೇರೂರಿತು. 1964ರ ಫೆಬ್ರವರಿಯಲ್ಲಿ ಮಯಾಮಿ ಬೀಚಿನಲ್ಲಿ ಬಾಜಿ ಕಟ್ಟುವವರು ಒಂದಕ್ಕೆ ಏಳರಂತೆ ಅವನ ಪಕ್ಷವನ್ನೇ ಹಿಡಿದಿದ್ದರೂ, ಇಪ್ಪತ್ತೆರಡು ವಯಸ್ಸಿನ ಕ್ಯಾಸಿಯಸ್ ಕ್ಲೇ ಎಂಬ ತರುಣನ ಎದುರು ಏಳನೆಯ ಸುತ್ತಿಗೆ ಆ ಅಜೇಯನು ತನ್ನ ಪೀಠದಿಂದ ಮೇಲೇಳಲೇ ಇಲ್ಲ.

ದಶಕವೊಂದು ಕಳೆಯುವುದರೊಳಗಾಗಿ ಅದೇ ಬಿರುದು ಜಾರ್ಜ್ ಫೋರ್‌ಮನ್ನನಿಗೆ ಸಂದಿತು. 1973ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಜೋ ಫ್ರೇಜಿಯರನನ್ನು ಎರಡೇ ಸುತ್ತುಗಳಲ್ಲಿ ಆರು ಬಾರಿ ನೆಲಕ್ಕುರುಳಿಸಿದ್ದವನನ್ನು 1974ರ ಅಕ್ಟೋಬರಿನಲ್ಲಿ ಕಿನ್ಶಾಸದಲ್ಲಿ ಎಂಟನೆಯ ಸುತ್ತಿಗೆ ಕೆಡವಿದವನೂ ಆ ಕ್ಲೇಯೇ. ಆ ವೇಳೆಗೆ ಅವನು ಮಹಮ್ಮದ್ ಅಲಿಯಾಗಿದ್ದನು. ಈ ಇಬ್ಬರು ಅಜೇಯರನ್ನೂ ಜಯಿಸಿದ್ದರಿಂದಲೇ ಅವನ ಹಿರಿಮೆ ಸ್ಥಿರಪಟ್ಟಿತೆಂಬುದು ವಿನೋದವಲ್ಲವೆ?

ವಿಪರ್ಯಯದ ದೋಷವೂ ಉಂಟು. 1922ರಲ್ಲಿ ‘ದಿ ರಿಂಗ್’ ಪತ್ರಿಕೆಯನ್ನು ಸ್ಥಾಪಿಸಿದ ನ್ಯಾಟ್ ಫ್ಲೈಷರ್ ಮಹಾಶಯರು, ತಮ್ಮ ಯೌವನದಲ್ಲಿ ಮೆರೆದ ಜ್ಯಾಕ್ ಜಾನ್ಸನ್ನನನ್ನು ಅಗ್ರಸ್ಥಾನದಲ್ಲಿ ಪ್ರತಿಷ್ಠಾಪಿಸಿ, ಮೊದಲ ಹತ್ತು ಮಂದಿಯಲ್ಲಿಯೂ ಅಲಿಗೆ ಎಡೆಗೊಡದೆಯೇ 1972ರಲ್ಲಿ ತೀರಿಕೊಂಡರು. ಆದರೆ ಹಳಬರ ಪಕ್ಷಪಾತದಿಂದ ಯಾರ ಗಲ್ಲಾಪೆಟ್ಟಿಗೆಯೂ ತುಂಬುವುದಿಲ್ಲ. ಹೊಸಬರ ಸ್ತುತಿಯಿಂದ ಟಿಕೀಟು ಮಾರಾಟವಾಗುತ್ತದೆ. ಅದರಿಂದಲೇ ಆ ಸ್ತುತಿಯನ್ನು ಹೆಚ್ಚು ಶಂಕೆಯಿಂದ ನೋಡಬೇಕಾಗಿದೆ.

ಹಿಂದೆ ಬಹುಕಾಲ ಎಂಟೇ ತೂಕಗಳ ವಿಭಾಗಗಳಿದ್ದವು. ಈಗ ಹದಿನೇಳು ವಿಭಾಗಗಳಿದ್ದು, ಪಟ್ಟಗಳನ್ನು ಹಂಚಲು ನಾಲ್ಕು ಪ್ರಮುಖ ಸಂಸ್ಥೆಗಳು ಕುಳಿತಿವೆ. ಸೋಲಿಲ್ಲದ ದಾಖಲೆಯೇ ಬಂಡವಾಳವಾಗಿರುವಲ್ಲಿ ಬಲಿಷ್ಠ ಎದುರಾಳಿಯನ್ನು ವರ್ಷಾನುವರ್ಷ ತಪ್ಪಿಸಿಕೊಳ್ಳುವುದು ವಿವೇಕವೆನಿಸಿದೆ. ಷುಗರ್ ರೇ ರಾಬಿನ್ಸನ್ನನಾದರೋ 1943ರಲ್ಲಿ ಜೇಕ್ ಲಮೋಟನಿಗೆ ಸೋತು, ವೃತ್ತಿಜೀವನದ ಆ ಮೊದಲ ಪರಾಜಯದ ಮೂರೇ ವಾರಗಳಲ್ಲಿ ಅವನನ್ನೇ ಮತ್ತೆ ಎದುರಿಸಿ ಗೆದ್ದನು. ಒಟ್ಟು ಸುಮಾರು 200 ಪಂದ್ಯಗಳನ್ನಾಡಿ, ಹಲವು ಬಾರಿ ಸೋತೂ ಶ್ರೇಷ್ಠನೆನಿಸಿಕೊಂಡನು. ಮೂವತ್ತು ಪಂದ್ಯಗಳ ಅಜೇಯನೊಬ್ಬನನ್ನು ತಂದು ಆತನ ಸಾಲಿನಲ್ಲಿ ಕೂರಿಸುವುದು ಅತಿಸ್ತುತಿಯೇ ಸರಿ.