ಕಾರ್ನಿಯಾದ ಪರಾವಲಂಬಿ ಸೋಂಕು: ಪತ್ತೆ ಮತ್ತು ಚಿಕಿತ್ಸೆ ನಡೆದುಬಂದ ದಾರಿ

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ತಗಲುವ ಪರಾವಲಂಬಿ ಸೋಂಕುಗಳಲ್ಲಿ ಮುಖ್ಯವಾದುದು ಅಕಾಂತಮೀಬಾ ಎಂಬ ಏಕಕೋಶಜೀವಿಯಿಂದ ಉಂಟಾಗುವ ಹುಣ್ಣು. ಇದು ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಕಾಯಿಲೆ ಎಂಬ ಮಾತು ಪಾಶ್ಚಾತ್ಯ ಪಠ್ಯಗಳಿಂದ ಬಂದು, ಈಗ ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಬೇರೂರಿದೆ. ಲೆನ್ಸನ್ನೇ ಕಾಣದ ರೈತರೂ ಕೂಲಿಗಾರರೂ ಈ ಹುಣ್ಣಿಗೆ ತುತ್ತಾಗುವ ನಾಡಿನಲ್ಲಿ ಇದು ನಿರುಪದ್ರವಿ ತಪ್ಪಲ್ಲ. ಲೆನ್ಸ್ ಇಲ್ಲವೆಂದಾಕ್ಷಣ ಅಮೀಬಾದ ಶಂಕೆಯೇ ಕೈಬಿಟ್ಟುಹೋಗುತ್ತದೆ.

1930ರಲ್ಲಿ ಕ್ಯಾಸ್ಟೆಲಾನಿ ಪ್ರಯೋಗಾಲಯದ ಯೀಸ್ಟ್ ಕೃಷಿಯಲ್ಲಿ ಗುರುತಿಸಿದ, ಮಣ್ಣು ಮತ್ತು ನೀರಿನಲ್ಲಿ ಸ್ವತಂತ್ರವಾಗಿ ಬದುಕಬಲ್ಲ ಈ ಜೀವಿ ಕಣ್ಣಿಗೂ ಎರಗುತ್ತದೆಂಬುದು 1974ರಲ್ಲಿ ಬ್ರಿಟನ್ನಿನ ನ್ಯಾಗಿಂಗ್ಟನ್ ಬಳಗದಿಂದಲೂ, ಮರುವರ್ಷ ಅಮೆರಿಕದ ಜೋನ್ಸ್, ಗೋವಿಂದ ವಿಶ್ವೇಶ್ವರ ಮತ್ತು ರಾಬಿನ್ಸನ್ ಅವರಿಂದಲೂ ತಿಳಿದುಬಂತು. 1985ರಲ್ಲಿ ಪ್ರೊಪಾಮಿಡಿನ್ ಹನಿಗಳಿಂದ ಗುಣವಾದ ವರದಿ ಬರುವವರೆಗೆ ಔಷಧದಿಂದ ವಾಸಿಯಾಗುವ ಭರವಸೆಯೇ ಇರಲಿಲ್ಲ.

ಭಾರತದ ಮಟ್ಟಿಗೆ ನಿಜವಾದ ತಿರುವು 1990ರದು. ಮದುರೈಯಲ್ಲಿ ಸಾವಿತ್ರಿ ಶರ್ಮ, ಎಂ. ಶ್ರೀನಿವಾಸನ್ ಮತ್ತು ಸಂಗಡಿಗರು ಲೆನ್ಸ್ ಧರಿಸದವರಲ್ಲಿ ಈ ಸೋಂಕನ್ನು ತೋರಿಸಿಕೊಟ್ಟರು. 2000ದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯ ವರದಿಯೂ ಅದನ್ನೇ ಪುಷ್ಟೀಕರಿಸಿತು. ಈ ಪರಂಪರೆಯ ಹೆಗ್ಗಳಿಕೆ ಅದರ ಸರಳತೆಯಲ್ಲಿದೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚನ್ನು ಅಲಗಿನಿಂದ ಮೆಲ್ಲನೆ ಕೆರೆದು, ಸಿಕ್ಕ ಅಂಶವನ್ನು ಸ್ಲೈಡಿಗೆ ಹಚ್ಚಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೋಡಿದರೆ ಅಮೀಬಾದ ಎರಡು ಗೋಡೆಗಳ ಕೋಶಿಕೆ, ಅಂದರೆ ಅದರ ಸುಪ್ತರೂಪ, ಕಾಣುತ್ತದೆ. ಕ್ಯಾಲ್ಕೋಫ್ಲೋರ್ ಬಣ್ಣ ಹಾಕಿದರೆ ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ಹೊಳೆಯುತ್ತದೆ. ಪೋಷಕಾಂಶವಿಲ್ಲದ ಅಗಾರ್ ತಟ್ಟೆಯ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾ ಹರಡಿಟ್ಟರೆ, ಅದನ್ನು ಮೇಯುತ್ತ ಅಮೀಬಾ ಹಾದಿ ಮಾಡಿಕೊಂಡು ಸಾಗುತ್ತದೆ. ಕಾರ್ನಿಯಾದ ಪದರಗಳನ್ನು ಕೆರೆಯದೆಯೇ ತೋರಿಸುವ ಕಾನ್‌ಫೋಕಲ್ ಯಂತ್ರ ಬಂದ ಮೇಲೆ ಈ ವಿದ್ಯೆ ಹಳತೆನಿಸುತ್ತಿದೆ. ಬಿಳಿ ರಕ್ತಕಣವನ್ನೇ ಕೋಶಿಕೆಯೆಂದು ಓದುವ ಅಪಾಯ ಆ ಯಂತ್ರಕ್ಕೂ ತಪ್ಪಿಲ್ಲ ಎಂಬುದನ್ನು ಮಾತ್ರ ಕಡಿಮೆ ಜನ ಹೇಳುತ್ತಾರೆ.

ಹುಣ್ಣಿನ ಗಾತ್ರಕ್ಕೆ ಮೀರಿದ ನೋವು, ತಡವಾಗಿ ಮೂಡುವ ಉಂಗುರಾಕಾರದ ಬಿಳುಪು ಇದರ ಕುರುಹುಗಳಾದರೂ, ಆರಂಭದಲ್ಲಿ ಇದನ್ನು ಹರ್ಪಿಸ್ ವೈರಾಣುವಿನ ಹುಣ್ಣೆಂದೇ ಭಾವಿಸುವುದು ಸಾಮಾನ್ಯ. ಆಗ ಸ್ಟೆರಾಯ್ಡ್ ಹನಿ ಬಿದ್ದರೆ ಕೆಂಪು ಇಳಿದಂತೆ ಕಂಡು, ಒಳಗೆ ಅಮೀಬಾ ಹಬ್ಬುತ್ತದೆ.

ಚಿಕಿತ್ಸೆಯ ಆಧಾರಸ್ತಂಭ ಪಾಲಿಹೆಕ್ಸಾನೈಡ್. ಈಜುಕೊಳಗಳ ನೀರನ್ನು ಶುದ್ಧಗೊಳಿಸಲು ಬಳಸುತ್ತಿದ್ದ ಈ ರಾಸಾಯನಿಕ 1992ರಿಂದ ಕಣ್ಣಿನ ಔಷಧವಾಯಿತು. ಶೇ. 0.02ರ ಈ ಹನಿಯನ್ನು, ಇಲ್ಲವೇ ಅಷ್ಟೇ ಪ್ರಮಾಣದ ಕ್ಲೋರ್‌ಹೆಕ್ಸಿಡಿನ್ ಅನ್ನು ಮೊದಲ ದಿನಗಳಲ್ಲಿ ಹಗಲಿರುಳು ಗಂಟೆಗೊಮ್ಮೆ, ಬಳಿಕ ತಿಂಗಳುಗಟ್ಟಲೆ ಹಾಕಬೇಕಾಗುತ್ತದೆ. ಶೇ. 0.08ರ ಸಿದ್ಧ ಹನಿಗೆ 2024ರಲ್ಲಿ ಐರೋಪ್ಯ ಒಕ್ಕೂಟ ಮಾನ್ಯತೆ ನೀಡಿದೆ. ಇಲ್ಲಿ ಬಹುಮಟ್ಟಿಗೆ ದೊಡ್ಡ ಆಸ್ಪತ್ರೆಗಳ ಔಷಧಾಲಯಗಳೇ ದ್ರಾವಣ ಬೆರೆಸಿಕೊಡುತ್ತವೆ.

ಮೈಕ್ರೋಸ್ಪೊರಿಡಿಯಾ ಸೋಂಕನ್ನು ಹಳೆಯ ವಾಡಿಕೆಯಂತೆ ಇದೇ ಸಾಲಿನಲ್ಲಿ ಇಡುತ್ತಾರೆ, ಈಗಿನ ವರ್ಗೀಕರಣದಲ್ಲಿ ಅದು ಶಿಲೀಂಧ್ರಗಳ ಬಳಗಕ್ಕೆ ಸೇರಿದ್ದರೂ. ಮಳೆಗಾಲದಲ್ಲಿ ಹೆಚ್ಚುವ ಅದರ ಮೇಲ್ಪದರದ ರೂಪ ಹೆಚ್ಚಾಗಿ ತಾನೇ ಶಮನವಾಗುತ್ತದೆ; ಆಳಕ್ಕಿಳಿದ ರೂಪ ಔಷಧಕ್ಕೆ ಬಗ್ಗದೆ ಕಸಿಯನ್ನೇ ಬೇಡುತ್ತದೆ.

ಕಸಿಯ ವಿಷಯದಲ್ಲಿ ಪಶ್ಚಿಮ ಬೆಂಗಳೂರು ಹಿಂದೆ ಬಿದ್ದಿಲ್ಲ. ಶ್ರೀರಾಮಪುರದಲ್ಲಿ 1982ರಲ್ಲಿ ಡಾ. ಭುಜಂಗ ಶೆಟ್ಟಿ ಆರಂಭಿಸಿ, ಮುಂದೆ ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿ ಬೆಳೆದ ನಾರಾಯಣ ನೇತ್ರಾಲಯದಲ್ಲಿ, 2021ರ ಅಕ್ಟೋಬರಿನಲ್ಲಿ ನಿಧನರಾದ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಅಳವಡಿಸಲಾಯಿತು. ಅದರಿಂದ ನೇತ್ರದಾನಕ್ಕೆ ದೊರೆತ ಹುರುಪು ದೊಡ್ಡದು. ಆದರೆ ಅಮೀಬಾ ಇನ್ನೂ ಜೀವಂತವಿರುವ ಕಣ್ಣಿಗೆ ಕಸಿ ಮಾಡಿದರೆ ಹೊಸ ಕಾರ್ನಿಯಾಕ್ಕೂ ಸೋಂಕು ಮರಳುವ ಭಯವಿದೆ. ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಲ್ಲಿ ಕಣ್ಣಿಗೆ ಸಿಡಿಯುವ ಕಬ್ಬಿಣದ ಚೂರು, ಕೆಂಗೇರಿಯಾಚೆಯ ಹೊಲಗಳ ಕೆಸರು, ಮನೆಮನೆಯ ಸಂಪು ಮತ್ತು ತೊಟ್ಟಿಗಳ ನೀರು, ಇವುಗಳಿಂದ ಕಣ್ಣಿಗೆ ಬರಬಹುದಾದ ಅಪಾಯದ ಬಗ್ಗೆ ಕಸಿಯಷ್ಟು ಚರ್ಚೆ ನಡೆದಿಲ್ಲ. 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಕಣ್ಣಿನ ಪೊರೆಯನ್ನೇ ಗುರಿಯಾಗಿಟ್ಟುಕೊಂಡಿತು. ಸ್ಲೈಡ್, ದ್ರಾವಣ, ಸಾಮಾನ್ಯ ಸೂಕ್ಷ್ಮದರ್ಶಕ ಮತ್ತು ಅದನ್ನು ಓದಬಲ್ಲ ತಂತ್ರಜ್ಞರು ತಾಲ್ಲೂಕು ಆಸ್ಪತ್ರೆಗಳಿಗೆ ದಕ್ಕಬೇಕು. ಕೆರೆದು ನೋಡದ ಹುಣ್ಣಿಗೆ ಸ್ಟೆರಾಯ್ಡ್ ಹನಿ ಬರೆಯುವುದನ್ನು ವೈದ್ಯರು ನಿಲ್ಲಿಸಬೇಕು.