ಉಕ್ಕಿನ ಬಿಲ್ಲು: ತಿದ್ದುವುದೋ, ಬದಲಿಸುವುದೋ?

ಸ್ಪ್ರಿಂಗಿಲ್ಲದ ಎತ್ತಿನ ಗಾಡಿಯಲ್ಲಿ ಹತ್ತು ಮೈಲಿ ಪಯಣಿಸಿದವರಿಗೆ ಸ್ಪ್ರಿಂಗಿನ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುರೋಪಿನ ಸಾರೋಟುಗಳಲ್ಲಿಯೂ ಬಹುಕಾಲ ಗಾಡಿಯ ಮೈಯನ್ನು ತೊಗಲಿನ ಪಟ್ಟಿಗಳಿಂದ ತೂಗುಹಾಕಿ ಸಮಾಧಾನಪಡುತ್ತಿದ್ದರು. 1804ರಲ್ಲಿ ಲಂಡನ್ನಿನ ಗಾಡಿ ತಯಾರಕ ಒಬಡಯ ಎಲಿಯಟ್ ಅಂಡಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದನು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಎರಡು ಬಿಲ್ಲುಗಳು ಎದುರುಬದುರಾಗಿ ಸೇರಿದರೆ ಅದೇ ಈ ಸ್ಪ್ರಿಂಗು. ಗಾಡಿಯ ಮೈಯನ್ನು ಇದರ ಮೂಲಕವೇ ಅಚ್ಚಿನ ಮೇಲೆ ಕೂರಿಸಿದ್ದರಿಂದ, ಕೆಳಗಿನ ಭಾರವಾದ ಉದ್ದ ತೊಲೆ ಬೇಡವಾಯಿತು.

ಆಗ ಸ್ಪ್ರಿಂಗು ಕಮ್ಮಾರನ ಕೈಕೆಲಸ. ಬಾಗು ಇಳಿದರೆ ಕುಲುಮೆಯಲ್ಲಿಯೇ ತಿದ್ದಬಹುದಿತ್ತು. 1908ರಲ್ಲಿ ಫೋರ್ಡನ ಮಾಡಲ್ ಟಿ ಕಾರು ಬಂದಿತು. 1927ರೊಳಗೆ ಅಂಥ 1.5 ಕೋಟಿ ಕಾರುಗಳು ತಯಾರಾದವು. ಮುಂದೊಂದು, ಹಿಂದೊಂದು ಅಡ್ಡ ಸ್ಪ್ರಿಂಗು. ಎಲ್ಲವೂ ಒಂದೇ ಅಳತೆ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕುವುದು ಸುಲಭವಾಯಿತು.

ಆದರೆ ಈ ಪ್ರಶ್ನೆ ಕೇವಲ ಅನುಕೂಲದ್ದಲ್ಲ. 1850 ಮತ್ತು 60ರ ದಶಕಗಳಲ್ಲಿ ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ ರೈಲುಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ ಒಂದು ಸಂಗತಿಯನ್ನು ತೋರಿಸಿಕೊಟ್ಟನು: ಒಂದೇ ಸಲಕ್ಕೆ ಮುರಿಯದ ಭಾರವೂ ಲಕ್ಷಾಂತರ ಸಲ ಬಿದ್ದರೆ ಲೋಹವನ್ನು ದಣಿಸಿ ಮುರಿಯಬಲ್ಲದು. ಈ ದಣಿವು ಮೊದಮೊದಲು ಕಣ್ಣಿಗೆ ಕಾಣುವುದಿಲ್ಲ.

ನಮ್ಮ ಅಂಬಾಸಿಡರ್ ಕಾರನ್ನೇ ನೋಡಿ. ಉತ್ತರಪಾರದ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತಿತು. ಅದರ ಹಿಂಬದಿಯಲ್ಲಿರುವುದು ಎಲಿಯಟನ ಸ್ಪ್ರಿಂಗಿನ ಅರ್ಧಭಾಗವೇ. ಅದು ಭಾರವನ್ನು ಹೊರುವುದಷ್ಟೇ ಅಲ್ಲ, ಹಿಂದಿನ ಅಚ್ಚನ್ನು ಸ್ಥಾನದಲ್ಲಿ ಹಿಡಿದಿಡುತ್ತದೆ. ಎರಡು ಕಡೆಯೂ ಕಣ್ಣುಗಳಿರುವ ಮೈನ್ ಪ್ಲೇಟ್ ಓಡುವಾಗ ಮುರಿದರೆ ಅಚ್ಚು ಸರಿದು, ಕಾರು ಹಿಡಿತ ತಪ್ಪಬಹುದು.

ಆದುದರಿಂದ, ಹಳೆಯ ಕಾರಿನ ಹಿಂಭಾಗ ಕುಸಿದಿದ್ದರೆ ಮೊದಲು ಕಟ್ಟನ್ನು ಬಿಚ್ಚಿಸಿ, ತುಕ್ಕು ತೆಗೆಸಿ, ಪ್ರತಿ ಪಟ್ಟಿಯನ್ನೂ ನೋಡಿ. ನಡುವಿನ ಬೋಲ್ಟಿನ ತೂತಿನ ಸುತ್ತ ಮತ್ತು ಕಣ್ಣಿನ ಬುಡದಲ್ಲಿ ಬಿರುಕಿನ ಎಳೆ ಕಂಡರೆ ಆ ಪಟ್ಟಿಯನ್ನು ಬಿಡಬೇಕು. ಬೆಸುಗೆಯಿಂದ ಅದು ಉಳಿಯದು. ಕೆಳಗಿನ ಪಟ್ಟಿಯ ತುದಿ ಉಜ್ಜಿ ಆಳವಾದ ಗೀರು ಬಿದ್ದಿದ್ದರೂ ಅಷ್ಟೇ. ಬಾಗು ಮಾತ್ರ ಇಳಿದಿದ್ದರೆ ತಿದ್ದಿಸಬಹುದು. ಆದರೆ ಕೆಂಪಗೆ ಕಾಯಿಸಿ ಬಾಗಿಸಿ ಹಾಗೆಯೇ ಆರಲು ಬಿಟ್ಟರೆ ಉಕ್ಕಿನ ಹದ ಹೋಗಿ ಕೆಲವೇ ದಿನಗಳಲ್ಲಿ ಮತ್ತೆ ಕುಸಿಯುತ್ತದೆ. ಸುಮಾರು 850 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಬಳಿಕ 450 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಕಾಯಿಸಿದರೆ ಮಾತ್ರ ಸ್ಪ್ರಿಂಗಿನ ಗುಣ ಮರಳೀತು. ಕುಲುಮೆಯವನಿಗೆ ಈ ಕ್ರಮ ಗೊತ್ತಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹೊಸದನ್ನು ಕೊಳ್ಳುವುದಾದರೆ ಪಟ್ಟಿಗಳ ಸಂಖ್ಯೆ, ದಪ್ಪ ಮತ್ತು ಬಾಗು ಮೊದಲಿನಂತೆಯೇ ಇರಲಿ. ಎರಡು ಪಕ್ಕಕ್ಕೂ ಒಟ್ಟಿಗೆ ಹಾಕಿಸಿ. ತಿದ್ದಿಸಿದರೂ ಬದಲಿಸಿದರೂ ಬುಷ್ಷುಗಳೂ ನಡುವಿನ ಬೋಲ್ಟೂ ಹೊಸವೇ ಆಗಿರಬೇಕು.

ಕುಲುಮೆ ಆಕಾರವನ್ನೂ ಹದವನ್ನೂ ಮರಳಿಸಬಲ್ಲದು. ಕಳೆದ ವರ್ಷಗಳ ದಣಿವನ್ನು ಅಳಿಸಲಾರದು. ಅನುಮಾನ ಬಂದ ಕಡೆ ಹಳೆಯ ಪಟ್ಟಿಯ ಮೇಲಿನ ಮಮತೆಗಿಂತ ಕಾರಿನಲ್ಲಿ ಕುಳಿತವರ ಕ್ಷೇಮವೇ ದೊಡ್ಡದು.