ನೂರು ಗಜದ ಕರಾರು

ಪುತ್ತೂರಿನಲ್ಲಿ ಕೂತು ಭೂಮಿಯ ದಸ್ತಾವೇಜು ಬರೆಯುವುದು ನನ್ನ ಕಸುಬು. ಹಳೆಯ ಪಾಲುಪಟ್ಟಿಗಳಲ್ಲಿ ಸರ್ವೆ ನಂಬ್ರ, ಎಕ್ರೆ, ಸೆಂಟ್ಸು, ತೀರ್ವೆ ಎಲ್ಲ ಮುಗಿದ ಮೇಲೆ ಒಂದು ಸಾಲು ಬರುತ್ತದೆ: ಈ ವರ್ಗ ಜಾಗಕ್ಕೆ ಸೇರಿದ ಕುಮ್ಕಿ, ಮಾಮೂಲು ದಾರಿ, ನೀರಿನ ಹಕ್ಕು ಸಹಿತ. ಈಗಿನವರು ಆ ಸಾಲನ್ನು ಓದದೆಯೇ ಸಹಿ ಹಾಕುತ್ತಾರೆ. ಪುತ್ತೂರು, ಸುಳ್ಯ, ಕಡಬದ ತೋಟ, ತೋಡುಗಳನ್ನು ಇಷ್ಟು ಕಾಲ ಕಾದದ್ದರಲ್ಲಿ ಆ ಸಾಲಿನ ಪಾಲು ದೊಡ್ಡದು ಎಂಬುದು ನನ್ನ ವಾದ.

ವರ್ಗವೆಂದರೆ ತೀರ್ವೆ, ಅಂದರೆ ಭೂಕಂದಾಯ, ಕಟ್ಟುವ ಖಾಸಗಿ ಜಮೀನು; ಕುಮ್ಕಿ ಸರಕಾರದ ಜಾಗ. ಆದರೆ ಫಸಲಿ 1276, ಅಂದರೆ 1866ಕ್ಕೆ ಮೊದಲೇ ಆದ ಕದೀಂ ವರ್ಗವಿದ್ದರೆ, ಅದರ ಕೃಷಿಭೂಮಿಯಿಂದ ನೂರು ಗಜದೊಳಗಿನ ಸರಕಾರಿ ಗುಡ್ಡೆಯಲ್ಲಿ ವರ್ಗದಾರ ದನ ಮೇಯಿಸಬಹುದು, ಸೊಪ್ಪು ಕಡಿಯಬಹುದು, ಮನೆಗೂ ಬೇಸಾಯಕ್ಕೂ ಬೇಕಾದ ಮರಮಟ್ಟು ತರಬಹುದು. ಆಮೇಲೆ ಹುಟ್ಟಿದ ಹೊಸಗಮೆ ವರ್ಗಕ್ಕೆ ಈ ಸವಲತ್ತಿಲ್ಲ. ಕುಮ್ಕಿಯನ್ನು ವರ್ಗದಿಂದ ಬಿಡಿಸಿ ಮಾರುವಂತಿಲ್ಲ, ಅಪ್ಪಣೆಯಿಲ್ಲದೆ ಅಗೆದು ತೋಟ ಮಾಡುವಂತಿಲ್ಲ.

ತೀರ್ವೆಯಲ್ಲಿ ಬಿಗಿಯಾಗಿದ್ದ ಬ್ರಿಟಿಷ್ ಆಡಳಿತ ಇಷ್ಟು ಉದಾರವಾದದ್ದು ಹೇಗೆ? ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಸೀಮೆ 1834ರಲ್ಲಿ ಕಂಪೆನಿಯ ಕೆನರಾ ಜಿಲ್ಲೆಗೆ ಸೇರಿತು. ಬೆಳೆಯ ಬದಲು ನಗದಿನಲ್ಲೇ ಕಂದಾಯ ಕೇಳಿದ್ದು 1837ರ ದಂಗೆಗೆ ಒಂದು ಕಾರಣ. ನಗದು ಬರಬೇಕಾದರೆ ಬೆಳೆ ಬರಬೇಕು, ಈ ಮಳೆಯ ನಾಡಿನಲ್ಲಿ ಬೆಳೆ ಬರಬೇಕಾದರೆ ಸೊಪ್ಪು ಬೇಕು. ತೀರ್ವೆಯಿಲ್ಲದ ಗುಡ್ಡೆಯೇ ತೀರ್ವೆ ಕಟ್ಟುವ ಗದ್ದೆಯನ್ನು ಸಾಕುತ್ತಿತ್ತು.

ಸಾಕುವ ಕ್ರಮ ಹೀಗೆ. ಗುಡ್ಡೆಯ ಸೊಪ್ಪನ್ನು ಹಟ್ಟಿಗೆ ಹಾಸಿ, ದನಗಳು ತುಳಿದು ಸೆಗಣಿ, ಗಂಜಲ ಸೇರಿದ ಮೇಲೆ ತೆಗೆದು ಅಡಿಕೆಮರದ ಬುಡಕ್ಕೂ ಗದ್ದೆಗೂ ಹಾಕುವುದು. ಬೇರು ಕೀಳದೆ ಗೆಲ್ಲು ಕಡಿದರೆ ಮರುವರ್ಷ ಮತ್ತೆ ಚಿಗುರು. ಪೊದೆ, ತರಗೆಲೆಗಳ ನಡುವೆ ಮಳೆನೀರು ಹರಿದೋಡದೆ ಇಂಗುತ್ತಿತ್ತು. ಆ ನೀರೇ ಮಳೆಗಾಲ ಮುಗಿದ ಮೇಲೂ ತೋಡಿಗೆ ಒಸರುತ್ತಿತ್ತು. ತೋಡಿಗೆ ಊರವರು ಸೇರಿ ಕಲ್ಲು, ಮಣ್ಣಿನ ಕಟ್ಟ ಹಾಕಿ, ಕೆಳಗಿನವನಿಗೂ ನೀರು ಬಿಟ್ಟು ಹಂಚಿಕೊಳ್ಳುತ್ತಿದ್ದರು. ಈಚೆಗೆ ಈ ಕಟ್ಟಗಳನ್ನು ಜನರ ನೆನಪಿಗೆ ತಂದವರು ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು.

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಮೈಸೂರು ಭಾಗದ ಕಾನು, ಸೊಪ್ಪಿನಬೆಟ್ಟಗಳ ಸವಲತ್ತು ಮುಂದುವರಿಯಲಿ ಎಂದಿತು. ಕಾಗದದಲ್ಲಿ ಎಲ್ಲವೂ ಗಟ್ಟಿ. ಸಡಿಲವಾದದ್ದು ಸೊಪ್ಪಿನ ಅಗತ್ಯ. ಚೀಲದ ಗೊಬ್ಬರ ಬಂತು, ಹಟ್ಟಿಯಲ್ಲಿ ದನ ಕಡಿಮೆಯಾಯಿತು, ಸೊಪ್ಪು ಹೊರುವ ಆಳು ಸಿಗದಾಯಿತು. ಭೂಸುಧಾರಣೆಯಲ್ಲಿ 1974ರ ಮಾರ್ಚ್ 1ರಿಂದ ಗೇಣಿಯ ಜಮೀನು ಸರಕಾರಕ್ಕೆ ಸೇರಿ ಒಕ್ಕಲಿಗೆ ಸಿಕ್ಕಿದಾಗ, ಕುಮ್ಕಿ ಹಳೆಯ ಧಣಿಯದೋ ಹೊಸ ವರ್ಗದಾರನದೋ ಎಂಬ ತಕರಾರೂ ಹುಟ್ಟಿತು. 1991ರಲ್ಲಿ ಭೂಕಂದಾಯ ಕಾಯಿದೆಗೆ ಅಕ್ರಮ ಸಕ್ರಮದ 94ಎ ಕಲಮು ಬಂದ ಮೇಲೆ, ಕುಮ್ಕಿಯಲ್ಲಿ ಅಡಿಕೆ, ರಬ್ಬರ್ ಇಟ್ಟವರು ಐವತ್ತನೇ ನಮೂನೆಯ ಅರ್ಜಿ ಹಿಡಿದು ಸಾಲುಗಟ್ಟಿದರು. ಅಂಥ ಅರ್ಜಿಗಳನ್ನು ನಾನೂ ಬರೆದುಕೊಟ್ಟಿದ್ದೇನೆ. ಒಂದೆರಡು ಎಕ್ರೆಯಲ್ಲಿ ಸಂಸಾರ ತೂಗಿಸುವವನಿಗೆ ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಗುಡ್ಡೆಗೆ ಜೆಸಿಬಿ ಹತ್ತಿತು, ತೋಡು ಬೇಗ ಬತ್ತಿತು, ಕಟ್ಟದ ಬದಲು ಬೋರು ಬಂತು.

ಭೂಮಿ ಕಾಯುವ ಸಾಲನ್ನು ದಸ್ತಾವೇಜಿನಲ್ಲೇ ಬರೆಯುವ ಕ್ರಮ ಬೇರೆಡೆಯೂ ಇದೆ. ಅಮೆರಿಕದಲ್ಲಿ ರೈತನೇ ತನ್ನ ಹೊಲವನ್ನು ಸೈಟು ಮಾಡುವ ಹಕ್ಕು ಬಿಟ್ಟುಕೊಟ್ಟು, ಭೂಮಿ ಕಾಯುವ ಟ್ರಸ್ಟಿನ ಹೆಸರಿಗೆ ಕರಾರು ನೋಂದಾಯಿಸಬಹುದು. ಭೂಮಿ ಅವನದೇ, ಮಾರಲೂಬಹುದು, ಆದರೆ ಕೊಂಡವನಿಗೂ ಮಕ್ಕಳಿಗೂ ಆ ಕರಾರು ತಪ್ಪುವುದಿಲ್ಲ. ಇದಕ್ಕಾಗಿ 1981ರಲ್ಲಿ ಅಲ್ಲಿ ಒಂದು ಮಾದರಿ ಕಾಯಿದೆಯೂ ಬಂತು. ಇನ್ನೊಬ್ಬರ ಭೂಮಿಯ ಮೇಲಿನ ಹಕ್ಕುಗಳ ಬಗೆಗಿನ ನಮ್ಮ ಈಸ್‌ಮೆಂಟ್ ಕಾಯಿದೆ ಅದಕ್ಕಿಂತ ಹಳೆಯದು. 1882ರಲ್ಲಿ ಅದು ಮೊದಲು ಜಾರಿಯಾದ ಪ್ರಾಂತಗಳಲ್ಲಿ ಮದ್ರಾಸೂ ಒಂದು, ಹಾಗಾಗಿ ನಮ್ಮ ಜಿಲ್ಲೆಗೂ ಆಗಲೇ ಬಂತು. ಆದರೆ ಅದರಲ್ಲಿ ಹಕ್ಕು ಸಿಗುವುದು ಒಂದು ಭೂಮಿಯ ಅನುಕೂಲಕ್ಕಾಗಿ ಮಾತ್ರ. ಪಕ್ಕದಲ್ಲಿ ಜಾಗವಿಲ್ಲದ ಟ್ರಸ್ಟಿಗೆ ಅದರಲ್ಲಿ ಎಡೆಯಿಲ್ಲ.

ಆದರೂ ಒಂದು ದಾರಿಯಿದೆ. ಅದೇ ಕಾಯಿದೆಯ 4ನೇ ಕಲಮು ಇನ್ನೊಬ್ಬನ ಭೂಮಿಯಲ್ಲಿ ಏನಾದರೂ ಮಾಡುವ ಹಕ್ಕನ್ನಷ್ಟೇ ಅಲ್ಲ, ಮಾಡದಂತೆ ತಡೆಯುವ ಹಕ್ಕನ್ನೂ ಒಪ್ಪುತ್ತದೆ. ಅಣ್ಣತಮ್ಮಂದಿರು ಪಾಲಾಗುವಾಗ ಒಬ್ಬರ ಜಾಗ ಇನ್ನೊಬ್ಬರದಕ್ಕೆ ತಾಗಿಯೇ ಇರುತ್ತದಲ್ಲ. ತೋಡು ಮುಚ್ಚಬಾರದು, ಕಟ್ಟ ಹಾಕಲು ಅಡ್ಡಿ ಮಾಡಬಾರದು, ವರ್ಗದೊಳಗಿನ ಮೇಲಿನ ಇಳಿಜಾರನ್ನು ಜರಿಯಬಾರದು ಎಂದು ಪರಸ್ಪರ ಬರೆದುಕೊಳ್ಳಬಹುದು. ಬರೆಯೋಣವೇ ಎಂದು ಕೇಳುತ್ತೇನೆ. “ಮಾರುವಾಗ ಕ್ರಯ ಬೀಳ್ತದಲ್ವಾ ರೈಟ್ರೇ?” ಎನ್ನುತ್ತಾರೆ.

ಬೀಳಬಹುದು. ಅಮೆರಿಕದಲ್ಲಿ ಕರಾರನ್ನು ದಾನ ಮಾಡಿದವನ ನಷ್ಟವನ್ನು ತೆರಿಗೆ ವಿನಾಯಿತಿ ಒಂದಷ್ಟು ತುಂಬುತ್ತದೆ. ನಮ್ಮಲ್ಲಿ ಹಿಂದೆ ಸೊಪ್ಪೇ ತುಂಬುತ್ತಿತ್ತು. ಗುಡ್ಡೆಯನ್ನು ಗುಡ್ಡೆಯಾಗಿಯೇ ಬಿಟ್ಟವನಿಗೆ ಇವತ್ತು ಏನು ಸಿಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಅದನ್ನು ಹೇಳದೆ, ಕುಮ್ಕಿಯನ್ನು ಪಟ್ಟಾ ಮಾಡಿ ಕೊಡಿ ಎನ್ನುವ ರೈತನನ್ನು ಬೈದರೆ ತೋಡಿಗೆ ನೀರು ಬರುವುದಿಲ್ಲ.